ಉಪಮೆಯೋ ರೂಪಕವೋ?

ಪ್ರಶ್ನೆ: ಉಪಮೆಗೂ ರೂಪಕಕ್ಕೂ ವ್ಯತ್ಯಾಸವೇನು? ಎಂಟನೇ ತರಗತಿಯ ಮಗಳಿಗೆ ಹೇಗೆ ಹೇಳಲಿ?

ಉತ್ತರ: ನಮ್ಮಜ್ಜಿ ಹಿತ್ತಲಲ್ಲಿ ಹೂ ಬಿಡಿಸುತ್ತಾ, ‘ಮಗು ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿದೆ’ ಅನ್ನುತ್ತಿದ್ದರು. ಅದು ಉಪಮೆ. ಹೋಲಿಸುತ್ತಿರುವ ಹಲ್ಲು ಉಪಮೇಯ, ಯಾವುದಕ್ಕೆ ಹೋಲಿಸಿದೆವೋ ಆ ಮೊಗ್ಗು ಉಪಮಾನ, ಹೋಲಿಕೆ ತೋರಿಸುವ ಪದ ‘ಹಾಗೆ’ ಉಪಮಾವಾಚಕ, ಎರಡರಲ್ಲೂ ಇರುವ ಬಿಳುಪು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಬಿಟ್ಟುಹೋದರೂ ಲುಪ್ತೋಪಮೆ. ‘ಹಾಗೆ’, ‘ಅಂತೆ’ ಹುಡುಕಲು ಹೇಳಿ. ಆದರೆ ಜೋಪಾನ, ‘ನಾಳೆ ಮಳೆ ಬರುತ್ತಂತೆ’ ಉಪಮೆಯಲ್ಲ, ಬರೀ ಕೇಳಿದ ಸುದ್ದಿ. ಮಕ್ಕಳು ಇಲ್ಲೇ ಜಾಸ್ತಿ ಎಡವುತ್ತಾರೆ.

ರೂಪಕದಲ್ಲಿ ‘ಹಾಗೆ’ ಇರುವುದಿಲ್ಲ. ಎರಡೂ ಒಂದೇ ಆಗಿಬಿಡುತ್ತವೆ. ‘ಸಂಸಾರ ಸಾಗರ’ ಅಂದರೆ ಸಂಸಾರವೇ ಸಾಗರ, ಅಲ್ವಾ? ನನಗೆ ರೂಪಕವೇ ಹೆಚ್ಚು ಇಷ್ಟ. ಲಕ್ಷ್ಮೀಶನಿಗೆ ‘ಉಪಮಾಲೋಲ’, ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದು ಸುಮ್ನೆ ಬಂದಿಲ್ಲ. ಇಬ್ಬರ ಒಂದೊಂದು ಪದ್ಯವನ್ನು ಮಗಳ ಜೊತೆ ಕೂತು ಗಟ್ಟಿಯಾಗಿ ಓದಿ.