ಕಾನೂನು ಕೇಳಿ: ಮಚ್ಚು ಮಾರಿದವರಿಗೂ ಕೇಸ್ ಆಗ್ತದೇನ್ರಿ?

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. ಕುಡಗೋಲು, ಕೊಡ್ಲಿ, ಮಚ್ಚು, ಹಾರಿ ಎಲ್ಲಾ ಇಟ್ಟೀವ್ರಿ. ನಮ್ಮಲ್ಲಿ ಒಯ್ದ ಮಚ್ಚಿನಿಂದ ಯಾರಾದ್ರೂ ಬಡಿದಾಡಿದ್ರೆ ನಮ್ಮ ಮೇಲೂ ಕೇಸ್ ಆಗ್ತದೇನು? ಒಂಬತ್ತು ಇಂಚಿಗಿಂತ ಉದ್ದದ ಅಲಗು ಮಾರಬಾರದು ಅಂತಾರ, ಖರೇನಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಮಾರಿದ್ದಷ್ಟಕ್ಕೇ ಆಗುವುದಿಲ್ಲ. ಒಂಬತ್ತು ಇಂಚಿನ ಮಾತು ಅರ್ಧ ಮಾತ್ರ ಖರೆ. ಶಸ್ತ್ರಾಸ್ತ್ರ ನಿಯಮಗಳು 2016ರ ಪಟ್ಟಿಯಲ್ಲಿ ತಲವಾರು, ಬಾಕು, ಭರ್ಚಿಗಳ ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಆಯುಧಗಳೂ ಇವೆ. ಆದರೆ ಮನೆಗೆಲಸ, ಒಕ್ಕಲುತನ, ಕೈಗಾರಿಕೆಗೆಂದು ಮಾಡಿದ್ದನ್ನು ಅದೇ ಸಾಲು ಹೊರಗಿಟ್ಟಿದೆ. ಭತ್ತ ಕೊಯ್ಯುವ ಕುಡಗೋಲಿಗೆ ಯಾರೂ ಟೇಪ್ ಹಿಡಿಯಬೇಕಿಲ್ಲ.

ತೊಡಕು ಬರುವುದು ಆರ್ಡರ್ ಮಾಲಿನಲ್ಲಿ. ಉದ್ದ ಅಲಗು ಬಡಿಸಿ, ಎರಡೂ ಕಡೆ ಸಾಣೆ ಕೊಡಿಸಿ, ತಲವಾರಿನ ಹಿಡಿ ಕೂರಿಸಿದರೆ ಬಿಲ್ಲಿನಲ್ಲಿ ‘ಮಚ್ಚು’ ಎಂದು ಬರೆದರೂ ಅದು ಹೊಲದ ಸಾಮಾನಾಗುವುದಿಲ್ಲ. ಬರ್ತ್‌ಡೇ ಕೇಕಿಗೆ ತಲವಾರು ಕೇಳಿ ಬರುವ ಹುಡುಗರನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಇಂಥ ಮಾಲಿಗೆ ಲೈಸೆನ್ಸ್ ಬೇಕೋ ಬೇಡವೋ ಎಂಬುದು ಕೇಂದ್ರದ ಅಧಿಸೂಚನೆ ನಿಮ್ಮ ಪ್ರದೇಶಕ್ಕೆ ಇದೆಯೇ ಎನ್ನುವುದರ ಮೇಲೆ ನಿಂತಿದೆ. ಕೊಪ್ಪಳದ ಡಿಸಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರ ಕೈಗೆ ಬಂದ ಮೇಲೆ ಸ್ಟಾಕ್ ತರಿಸಿ.

ಇನ್ನು ಕುಮ್ಮಕ್ಕಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 45ನೇ ಕಲಂ ಪ್ರಕಾರ ಗೊತ್ತಿದ್ದೂ ಉದ್ದೇಶಪೂರ್ವಕವಾಗಿ ನೆರವಾದರೆ ಅದು ಅಪರಾಧ. ‘ಇವತ್ತು ಅವನ ಕಥಿ ಮುಗಿಸ್ತೀನಿ’ ಎಂದು ಕೌಂಟರಿನಲ್ಲೇ ಕೂಗಾಡುವವನ ಕೈಗೆ ಕೊಡ್ಲಿ ಕೊಟ್ಟರೆ, ‘ವ್ಯಾಪಾರ ಮಾಡಿದೆ’ ಎಂಬ ಸಬೂಬು ಗಟ್ಟಿಯಾಗಿ ನಿಲ್ಲದು. ಏನೂ ಗೊತ್ತಿಲ್ಲದೆ ಮಾರಿದ್ದರೆ ನೀವು ಬರೀ ಸಾಕ್ಷಿ.

ಆ ಸಾಕ್ಷಿತನ ಉಳಿಯಬೇಕಾದರೆ ಕಾಗದ ಇರಬೇಕು. ತಾರೀಖು, ಸಾಮಾನು, ಎಷ್ಟು ನಗ, ದರ ಇರುವ ಬಿಲ್ಲಿನ ಎರಡನೇ ಪ್ರತಿ ಇಟ್ಟುಕೊಳ್ಳಿ. ಒಬ್ಬನೇ ಹತ್ತಾರು ಮಚ್ಚು ಕೇಳಿದರೆ ಹೆಸರು, ಊರು, ಯಾವ ಕೆಲಸಕ್ಕೆ ಎಂಬುದನ್ನೂ ಬರೆಸಿ. ಕಾಯ್ದೆ ಹೀಗೆ ಬರೆಸಲು ಹೇಳಿಲ್ಲ, ಆದರೂ ಬರೆಸಿ.

ಠಾಣೆಯಿಂದ ನೋಟಿಸ್ ಬಂದರೆ ಮೊದಲು ಕಲಂ ನೋಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 94 ಇದ್ದರೆ ದಾಖಲೆ ಕೇಳಿದ್ದಾರೆ, 179 ಇದ್ದರೆ ಸಾಕ್ಷಿಯಾಗಿ ಕರೆದಿದ್ದಾರೆ. 35(3) ಇದ್ದರೆ ಅಪರಾಧ ಮಾಡಿದ ಅನುಮಾನ ನಿಮ್ಮ ಮೇಲೇ ಇದೆ: ತಪ್ಪದೆ ಹಾಜರಾಗಿ, ವಕೀಲರನ್ನು ಕಂಡೇ ಹೋಗಿ. ಗಲ್ಲೆಯ ಮೇಲೆ ಕೂರುವ ಅಪ್ಪಾಜಿಗೆ 60 ದಾಟಿದ್ದರೆ, ಸಾಕ್ಷಿ ಹೇಳಲು ಅವರನ್ನು ಠಾಣೆಗೆ ಬಾ ಎನ್ನುವಂತಿಲ್ಲ, ಮನೆಗೇ ಬಂದು ಕೇಳಬೇಕು.

ಪ್ರಶ್ನೆ: ಕಿರಾಣಿ ಅಂಗಡಿಯಲ್ಲಿ ಸಂಡಾಸ್ ತೊಳೆಯುವ ಆ್ಯಸಿಡ್ ಬಾಟಲಿ ಇಡಬಹುದೇ?
– ಓದುಗರು, ಸಿಂಧನೂರು

ಉತ್ತರ: ಮಚ್ಚಿಗಿಂತ ಇದರ ನಿಯಮ ಬಿಗಿ. ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶದಂತೆ ಕೊಂಡವರ ಹೆಸರು, ವಿಳಾಸ, ಪ್ರಮಾಣ ರಿಜಿಸ್ಟರಿನಲ್ಲಿರಬೇಕು. ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿ ನೋಡಬೇಕು, ಕಾರಣ ಬರೆಸಬೇಕು. 18 ತುಂಬದವರಿಗೆ ಕೊಡಲೇಬಾರದು. ಸ್ಟಾಕನ್ನು 15 ದಿನದೊಳಗೆ ಉಪವಿಭಾಗಾಧಿಕಾರಿಗೆ ತಿಳಿಸದಿದ್ದರೆ ಮಾಲು ಜಪ್ತಿ, 50,000 ರೂಪಾಯಿವರೆಗೆ ದಂಡ. ಇಷ್ಟೆಲ್ಲ ಬರೆದಿಡಲು ಪುರುಸೊತ್ತಿಲ್ಲದ ಅಂಗಡಿಗೆ ಫಿನಾಯಿಲ್ ಸಾಕು.