ಹಾಲಿನ ಡಬ್ಬ ಬೇಡ, ಬಾಣಂತಿಗೆ ಎರಡು ರೊಟ್ಟಿ ಜಾಸ್ತಿ ಕೊಡಿ

ಪ್ರಶ್ನೆ: ನಾವು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಿವಾಸಿಗಳು. ಬಾಗಲಕೋಟೆ ಕಡೆ ನೆರೆ ಬಂದಾಗಲೆಲ್ಲ ಏನಾದರೂ ಕಳಿಸುತ್ತೇವೆ. ಈ ಸಲ ಕಾಳಜಿ ಕೇಂದ್ರದ ಹಸುಗೂಸುಗಳಿಗೆ ಅಂತ ಹಾಲಿನ ಪುಡಿ ಡಬ್ಬ, ಫೀಡಿಂಗ್ ಬಾಟಲ್ ಸೇರಿಸಿದ್ದೇವೆ. ಗೆಳೆಯರೊಬ್ಬರು ಇದು ಕಾನೂನಿಗೆ ವಿರುದ್ಧ ಅಂದರು. ಹಸಿದ ಮಗುವಿಗೆ ಹಾಲು ಕೊಡೋದೂ ತಪ್ಪಾ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಶಿಶುಗಳ ಹಾಲಿನ ಪುಡಿ, ಬಾಟಲ್‌ಗಳಿಗೆ ಅಂತಲೇ 1992ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ಇವನ್ನು ಯಾರೂ ದಾನವಾಗಿ ಹಂಚುವಂತಿಲ್ಲ, ಅನಾಥಾಲಯಕ್ಕೆ ಮಾತ್ರ ವಿನಾಯಿತಿ. ಕಾನೂನು ಆಮೇಲೆ ನೋಡೋಣ, ಮೊದಲು ಆ ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಮಾನ್ಯವಾಗಿ ಅದೊಂದು ಸರ್ಕಾರಿ ಶಾಲೆ. ನೂರಾರು ಜನಕ್ಕೆ ಒಂದೆರಡು ನಲ್ಲಿ. ಆ ನೀರಲ್ಲೇ ಪುಡಿ ಕಲಸಿ, ಕುದಿಸಿ ತೊಳೆಯೋಕೆ ಆಗದ ಬಾಟಲಿಗೆ ಹಾಕಿ, ಮಗು ಅರ್ಧ ಕುಡಿದು ಬಿಟ್ಟಿದ್ದನ್ನು ಸುಮ್ನೆ ಚೆಲ್ಲೋದ್ಯಾಕೆ ಅಂತ ಇಟ್ಟು ಮತ್ತೆ ಕುಡಿಸಿದರೆ ಭೇದಿ ಶುರುವಾಗದೆ ಇನ್ನೇನಾಗುತ್ತೆ ಹೇಳಿ. 2006ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಭೂಕಂಪ ಆದಾಗ ಹೀಗೇ ಆಯಿತು. ನಿಮ್ಮಂಥ ಒಳ್ಳೆ ಮನಸ್ಸಿನವರು ರಾಶಿ ರಾಶಿ ಪುಡಿ ಕಳಿಸಿದ್ದರು. ಆಮೇಲೆ ಲೆಕ್ಕ ಹಾಕಿದಾಗ, ಎರಡು ವರ್ಷದೊಳಗಿನವರಲ್ಲಿ ದಾನದ ಪುಡಿ ಸಿಕ್ಕ ಮಕ್ಕಳ ಪೈಕಿ ನೂರಕ್ಕೆ ಸುಮಾರು 25 ಮಕ್ಕಳಿಗೆ ಭೇದಿ ಆಗಿತ್ತು. ಸಿಗದವರಲ್ಲಿ 12ಕ್ಕೂ ಕಡಿಮೆ.

'ಹೆದರಿಕೆಗೆ ಎದೆಹಾಲು ಬತ್ತಿಹೋಯ್ತು' ಅಂತ ಹಿರಿಯರು ಹೇಳುತ್ತಾರೆ. ಇದು ಅರ್ಧ ಮಾತ್ರ ನಿಜ. ಗಾಬರಿಯಾದಾಗ ಹಾಲು ಇಳಿಯೋದು ಸ್ವಲ್ಪ ಹೊತ್ತು ತಡವಾಗುತ್ತೆ, ಅಷ್ಟೇ. ಹಾಲು ತಯಾರಾಗೋದು ಮಗು ಚೀಪುವುದರಿಂದ. ಆ ಹೊತ್ತಲ್ಲಿ ಯಾರೋ ಒಂದು ಡಬ್ಬ ಕೈಗಿಟ್ಟರು ಅಂದ್ಕೊಳ್ಳಿ. ಮಗು ಚೀಪುವುದು ಕಡಿಮೆಯಾಗುತ್ತೆ, ಹಾಲೂ ಕಡಿಮೆಯಾಗುತ್ತೆ, ಡಬ್ಬ ಖಾಲಿಯಾದ ದಿನ ನೀವು ಬೆಂಗಳೂರಲ್ಲಿರುತ್ತೀರಿ.

ಅಲ್ಲಿ ನಿಜಕ್ಕೂ ಬೇಕಾಗಿರೋದು ಬಾಣಂತಿಯರಿಗೆ ಜಾಸ್ತಿ ಊಟ, ಕುಡಿಯೋ ನೀರು, ಮತ್ತೆ ಒಂದು ಮೂಲೆಗೆ ಅಡ್ಡ ಕಟ್ಟಲು ಎರಡು ಹಳೇ ಸೀರೆ. ಇದು ತಮಾಷೆಯಲ್ಲ. ಗಂಡಸರೆಲ್ಲ ಓಡಾಡೋ ಹಾಲ್‌ನಲ್ಲಿ ಕೂತು ಹಾಲೂಡಿಸೋಕೆ ಆಗದೆ ಎಷ್ಟೋ ತಾಯಂದಿರು ಬಾಟಲ್ ಹಿಡಿಯುತ್ತಾರೆ. ತಾಯಿಯೇ ಇಲ್ಲದ ಕೂಸು ಇದ್ದರೆ ಪುಡಿ ಬೇಕೇ ಬೇಕು, ಒಪ್ಪುತ್ತೇನೆ. ಅದನ್ನು ಆ ಮಗುವಿಗೆ ಮಾತ್ರ, ಆರೋಗ್ಯ ಸಿಬ್ಬಂದಿಯೇ ನೋಡಿಕೊಂಡು, ಕುದಿಸಿದ ನೀರಲ್ಲಿ ಕಲಸಿ ಕೊಡಿಸಬೇಕು. ಅದೂ ಬಾಟಲಲ್ಲಿ ಅಲ್ಲ, ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆಯಲ್ಲಿ (ಮೂತಿ ಇರೋ ಪುಟ್ಟ ಬಟ್ಟಲು), ಇಲ್ಲವೇ ಲೋಟ ಚಮಚದಲ್ಲಿ. ತೊಳೆಯೋದು ಸುಲಭ.

ದುಡ್ಡು ಉಳಿದರೆ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು, ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಕೊಡಿಸಿ. ಓಆರ್‌ಎಸ್ ದೊಡ್ಡ ಹೆಸರು ಮಾಡಿದ್ದೇ ನಿರಾಶ್ರಿತರ ಶಿಬಿರದಲ್ಲಿ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದವರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು, ಡ್ರಿಪ್ ಬಾಟಲ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30 ಜನ ಸಾಯುತ್ತಿದ್ದದ್ದು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಆಗ ಅವರಿರಲಿಲ್ಲ.

ಹಳೇ ಬಟ್ಟೆ ಮೂಟೆ ದಯವಿಟ್ಟು ಬೇಡ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿ ರಸ್ತೆಗಳ ಪಕ್ಕ ಯಾರೂ ಮುಟ್ಟದ ಬಟ್ಟೆ ಗುಡ್ಡೆ ಬಿದ್ದಿತ್ತು.

ಪ್ರಶ್ನೆ: ನಮಗೆ ಮಕ್ಕಳಿಲ್ಲ. ವಯನಾಡ್ ಭೂಕುಸಿತದ ಸುದ್ದಿ ನೋಡಿದಾಗಿನಿಂದ, ಅಂಥ ಕಡೆಯಿಂದ ಒಂದು ಮಗುವನ್ನು ತಂದು ಸಾಕೋಣ ಅಂತ ನಮ್ಮೆಜಮಾನರು ಹೇಳುತ್ತಿದ್ದಾರೆ. ಹೇಗೆ ಮಾಡೋದು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಹಾಗೆ ತರೋಕೆ ಆಗಲ್ಲ, ಆಗಲೂಬಾರದು. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ಮೇಲೆ ನಿಮ್ಮ ಹಾಗೆಯೇ ಎಷ್ಟೋ ಜನ ಮುಂದೆ ಬಂದರು. ಆದರೆ ಅಪ್ಪ ಅಮ್ಮ ಕಾಣಿಸುತ್ತಿಲ್ಲ ಅಂದಮಾತ್ರಕ್ಕೆ ಮಗು ಅನಾಥ ಅಲ್ಲ. ಅಪ್ಪ ಇನ್ನೊಂದು ಶಿಬಿರದಲ್ಲಿರಬಹುದು, ಅಮ್ಮ ಆಸ್ಪತ್ರೆಯಲ್ಲಿರಬಹುದು, ಸೋದರಮಾವ, ಅತ್ತೆ, ಅಜ್ಜಿ ಯಾರಾದರೂ ಹುಡುಕುತ್ತಿರಬಹುದು. ಎಲ್ಲ ಕಳಕೊಂಡ ಮಗುವಿನಿಂದ ಅದರ ಭಾಷೆ, ಊರು, ಉಳಿದ ಒಬ್ಬ ಅಜ್ಜಿಯನ್ನೂ ಕಿತ್ತುಕೊಳ್ಳೋದು ಬೇಡ ಅಲ್ವಾ?

ಒಂಟಿಯಾಗಿ ಸಿಕ್ಕ ಮಗುವಿನ ಸುದ್ದಿಯನ್ನು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ ಮುಟ್ಟಿಸಬೇಕು. ಮೊದಲು ಮನೆಯವರನ್ನು ಹುಡುಕುತ್ತಾರೆ. ಯಾರೂ ಸಿಗದಿದ್ದರೆ ಮಾತ್ರ ದತ್ತು ಕೊಡಬಹುದು ಅಂತ ಸಮಿತಿ ಘೋಷಿಸುತ್ತೆ. ಕಾನೂನಿನ ದಾರಿ ಬಿಟ್ಟು ಮಗು ಕೊಟ್ಟವರಿಗೂ ತಗೊಂಡವರಿಗೂ ಮೂರು ವರ್ಷದವರೆಗೆ ಜೈಲು ಆಗಬಹುದು. ಈ ಬಿಗಿ ಇರೋದು ಕಳ್ಳ ಸಾಗಣೆಯವರ ಭಯಕ್ಕೆ, ನಿಮ್ಮ ಮೇಲಿನ ಅನುಮಾನಕ್ಕಲ್ಲ. ಮಗು ಬೇಕೆನ್ನುವ ಆಸೆ ಗಟ್ಟಿಯಾಗಿದ್ದರೆ ಕೇಂದ್ರ ದತ್ತು ಸಂಸ್ಥೆ ಕಾರಾದ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ಕಾಯಬೇಕಾಗುತ್ತೆ, ವರ್ಷಗಟ್ಟಲೆ.

ಪ್ರಶ್ನೆ: ನಮ್ಮ ತಮ್ಮನ ಮನೆ ನೆರೆಯಲ್ಲಿ ಮುಳುಗಿ ಎರಡು ವಾರವಾಯಿತು. ಅವನ ಏಳು ವರ್ಷದ ಮಗಳು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ, ಮಳೆ ಸದ್ದಾದರೆ ಅವ್ವನ ಸೆರಗು ಬಿಡಲ್ಲ. ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ಈಗಲೇ ಬೇಡ. ಮೊದಲ ಕೆಲವು ವಾರ ಇದೆಲ್ಲ ಆಗುತ್ತೆ. ಬೈಯಬೇಡಿ, ಬಂದವರ ಮುಂದೆ ಹೇಳಿ ನಾಚಿಸಬೇಡಿ. 'ಏನಾಯ್ತು ಹೇಳು ಪುಟ್ಟಾ' ಅಂತ ಕೆದಕುವುದೂ ಬೇಡ, ತಾನಾಗಿ ಹೇಳಿದರೆ ಕೂತು ಕೇಳಿ. ನೆರೆಯ ವಿಡಿಯೋಗಳನ್ನು ಅವಳೆದುರು ಮತ್ತೆ ಮತ್ತೆ ಹಾಕಬೇಡಿ. ಊಟ, ಸ್ನಾನ, ನಿದ್ದೆ ದಿನಾ ಒಂದೇ ಹೊತ್ತಿಗೆ ಆಗಲಿ. ತಿಂಗಳಾದರೂ ಕಡಿಮೆಯಾಗದಿದ್ದರೆ, ಅಥವಾ ಊಟ, ಮಾತು ಬಿಟ್ಟುಬಿಟ್ಟರೆ ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ಅವಳ ಶಾಲೆಯೇ ಕಾಳಜಿ ಕೇಂದ್ರವಾಗಿದ್ದರೆ ಪಾಠ ನಿಂತಿರುತ್ತೆ. ಅದೇ ಕೇಂದ್ರದ ಒಂದು ಕೋಣೆಯಲ್ಲಿ ದಿನಕ್ಕೆ ಎರಡು ಗಂಟೆ ಮಕ್ಕಳನ್ನು ಕೂರಿಸಿ ಆಟ, ಹಾಡು ನಡೆಸೋಕೆ ಅಂಗನವಾಡಿ ಟೀಚರನ್ನು, ಇಲ್ಲದಿದ್ದರೆ ಊರಿನ ಕಾಲೇಜು ಹುಡುಗಿಯರನ್ನು ಕೇಳಿ ನೋಡಿ. ಮತ್ತೆ ಅವಳ ಪಾಟೀಚೀಲ ನೀರಲ್ಲಿ ಹೋಗಿದ್ದರೆ, ಮನೆಗೆ ಬೇರೇನು ತರೋ ಮೊದಲು ಅದನ್ನು ಕೊಡಿಸಿ. ಬಣ್ಣ ಅವಳೇ ಆರಿಸಲಿ.