ಮಾರ್ಕ್‌ಡೌನ್ ನೋಟ್ಸ್ ಪ್ರಿಂಟ್ ತೆಗೆದಾಗ ಪ್ರತಿ ಪುಟದ ಮೇಲೆ ಸಂಸ್ಥೆಯ ಹೆಸರು, ಕೆಳಗೆ ಪುಟ ಸಂಖ್ಯೆ ಬರಬೇಕು. ಫೈಲ್‌ನಲ್ಲಿ ಯಾವ ಸಾಲು ಸೇರಿಸಬೇಕು?

ಫೈಲ್‌ನಲ್ಲಿ ಯಾವ ಸಾಲನ್ನೂ ಸೇರಿಸಬೇಡಿ. ನಾನು ಸೇರಿಸಿದ್ದೆ, 2019ರಲ್ಲಿ.

ಆಗ ಹಾವೇರಿ ಕಡೆ ಒಂದು ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಮನೆ ವೈರಿಂಗ್ ಕಲಿಸುತ್ತಿದ್ದೆ. ಕನ್ನಡದಲ್ಲಿ ಒಳ್ಳೆಯ ಪ್ರಾಕ್ಟಿಕಲ್ ಪುಸ್ತಕ ಸಿಗಲಿಲ್ಲ ಅಂತ ನಾನೇ ಬರೆಯಲು ಕೂತೆ. ವರ್ಡ್‌ನಲ್ಲಿ ಬರೆದರೆ ಒಂದು ಚಿತ್ರ ಸರಿಸಿದ ಕೂಡಲೇ ಹತ್ತು ಪುಟ ಅಲ್ಲಾಡುತ್ತಿತ್ತು. ಅದಕ್ಕೇ ಸಾದಾ ಪಠ್ಯದಲ್ಲೇ ಸಣ್ಣ ಗುರುತು ಹಾಕಿ ಬರೆಯುವ ಮಾರ್ಕ್‌ಡೌನ್ ಹಿಡಿದೆ. ಎರಡು ತಿಂಗಳು ರಾತ್ರಿ ಕೂತು ಬರೆದೆ, 32 ಪುಟ ಆಯ್ತು. ನಿಮ್ಮ ಹಾಗೇ ನನಗೂ ಪ್ರತಿ ಪುಟದ ಮೇಲೆ ಕೇಂದ್ರದ ಹೆಸರು ಬೇಕಿತ್ತು. ಹೆಸರಿದ್ದರೆ ಹುಡುಗರು ಅದನ್ನು ಪುಸ್ತಕ ಅಂತ ನೋಡುತ್ತಾರೆ, ಇಲ್ಲದಿದ್ದರೆ ಬರೀ ಜೆರಾಕ್ಸ್ ಹಾಳೆ.

ಮಾರ್ಕ್‌ಡೌನ್ ಒಳಗೆ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಬರೆಯಬಹುದಲ್ವಾ? ಫೈಲ್‌ನ ತಲೆಗೇ ಒಂದು ಡಿವ್, ಅಂದರೆ ಪಟ್ಟಿಯಂಥ ಪೆಟ್ಟಿಗೆ ಹಾಕಿ, ಅದರಲ್ಲಿ ಕೇಂದ್ರದ ಹೆಸರು ಬರೆದೆ. ಅದಕ್ಕೆ 'ಪೊಸಿಷನ್ ಫಿಕ್ಸೆಡ್' ಕೊಟ್ಟೆ. ಹೀಗೆ ಕೊಟ್ಟದ್ದನ್ನು ಕ್ರೋಮ್ ಪ್ರಿಂಟ್ ಮಾಡುವಾಗ ಪ್ರತಿ ಪುಟದಲ್ಲೂ ಅದೇ ಜಾಗದಲ್ಲಿ ಮತ್ತೆ ಬರೆಯುತ್ತದೆ. ಪಟ್ಟಿಯ ಎತ್ತರ 60 ಪಿಕ್ಸೆಲ್, ಅಂದರೆ ಕಾಗದದ ಮೇಲೆ ಸುಮಾರು ಒಂದೂವರೆ ಸೆಂಟಿಮೀಟರ್. ಪಠ್ಯ ಅದರ ಅಡಿಗೆ ನುಗ್ಗಬಾರದು ಅಂತ 'ಬಾಡಿ' ಅನ್ನೋ ಭಾಗಕ್ಕೆ (ಇಡೀ ಪಠ್ಯ ಇರೋದು ಅದರಲ್ಲೇ) ಮೇಲಿಂದ 80 ಪಿಕ್ಸೆಲ್ ಪ್ಯಾಡಿಂಗ್, ಅಂದರೆ ಖಾಲಿ ಜಾಗ ಇಟ್ಟೆ. ಪಟ್ಟಿ ಚೆನ್ನಾಗಿ ಕಾಣಲಿ ಅಂತ ಹಿಂದೆ ಬಿಳಿ ಬಣ್ಣ ಕೊಟ್ಟೆ, ಕೆಳಗೊಂದು ಸಣ್ಣ ಗೆರೆ ಎಳೆದೆ. ಪ್ರಿವ್ಯೂನಲ್ಲಿ ಮೊದಲ ಪುಟ ನೋಡಿದೆ, ಅಚ್ಚುಕಟ್ಟಾಗಿತ್ತು. ಉಳಿದದ್ದನ್ನು ಸರಸರ ಕೆಳಗೆ ಸರಿಸಿದೆ. ಎಲ್ಲಾ ಪುಟದ ಮೇಲೂ ಹೆಸರು, ಅದರ ಕೆಳಗೆ ಪಠ್ಯ. 180 ಪ್ರತಿ ತೆಗೆಸಿದೆ. ಒಂದು ಮಗ್ಗುಲಿಗೆ 75 ಪೈಸೆ, ಸ್ಪೈರಲ್ ಬೈಂಡಿಂಗ್‌ಗೆ 20 ರೂಪಾಯಿ. ಒಟ್ಟು 7,920 ರೂಪಾಯಿ ಆಯ್ತು.

ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸುವ ಉಪಕರಣ) ಪ್ರಾಕ್ಟಿಕಲ್ ದಿನ ಒಬ್ಬ ಹುಡುಗನಿಗೆ ಜೋರಾಗಿ ಓದು ಅಂದೆ. ಅವನು ಓದುತ್ತಾ ನಿಂತುಬಿಟ್ಟ. 'ಸರ್, ಇಲ್ಲಿ ಏನೋ ಬಿಟ್ಟೈತ್ರಿ' ಅಂದ. ಒಂದು ಪುಟದ ಕೊನೆಯಲ್ಲಿ 'ಮೆಗ್ಗರ್ ಜೋಡಿಸುವ ಮೊದಲು' ಅಂತಿತ್ತು. ಮುಂದಿನ ಪುಟ ಶುರುವಾಗಿದ್ದು 'ನಂತರ ಹ್ಯಾಂಡಲ್ ತಿರುಗಿಸಿ ರೀಡಿಂಗ್ ಬರೆದುಕೊಳ್ಳಿ' ಅಂತ. ನಡುವೆ ನಾನು ಬರೆದಿದ್ದ ಎರಡು ಸಾಲು ಇರಲಿಲ್ಲ: 'ಮೇನ್ ಸ್ವಿಚ್ ಆಫ್ ಮಾಡಿ. ಮೇನ್ ಫ್ಯೂಸ್ ಕಿತ್ತು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.'

ಕೈಕಾಲು ತಣ್ಣಗಾಯಿತು. ಇಡೀ ಪುಸ್ತಕದಲ್ಲಿ ಬಿಡಲೇಬಾರದ ಸಾಲು ಅದು. ಆ ದಿನದ ಪ್ರಾಕ್ಟಿಕಲ್ ನಿಲ್ಲಿಸಿದೆ. ಸಾಲನ್ನು ಬೋರ್ಡ್ ಮೇಲೆ ಬರೆದು, ಆ ಜಾಗ ತೆಗೆಯಿರಿ ಅಂದೆ. ಪುಟ ಸಂಖ್ಯೆ ಇಲ್ಲದ ಪುಸ್ತಕದಲ್ಲಿ ಆ ಜಾಗ ಹುಡುಕಲು ಎಲ್ಲರಿಗೂ ಐದು ನಿಮಿಷ ಹಿಡಿಯಿತು. ಕ್ರೋಮ್‌ನ ಪ್ರಿಂಟ್ ಕಿಟಕಿಯಲ್ಲಿ ಹೆಡರ್, ಫೂಟರ್ ಅಂತ ಒಂದು ಟಿಕ್ ಇದೆಯಲ್ಲ, ಅದನ್ನು ಹಾಕಿದರೆ ಪುಟ ಸಂಖ್ಯೆ ಬರುತ್ತದೆ. ಆದರೆ ಜೊತೆಗೆ ತಾರೀಖು, ನನ್ನ ಕಂಪ್ಯೂಟರ್‌ನ ಫೋಲ್ಡರ್ ವಿಳಾಸ ಎಲ್ಲಾ ಬರುತ್ತಿತ್ತು. ಅದಕ್ಕೇ ತೆಗೆದಿದ್ದೆ.

ರೂಮಿಗೆ ಹೋಗಿ ಪಿಡಿಎಫ್ ತೆರೆದು ಆ ಸಾಲನ್ನು ಹುಡುಕಿದೆ. ಸಿಕ್ಕಿತು! ಹೆಡರ್ ಪಟ್ಟಿಯ ಮೇಲೆ, ಅಕ್ಷರವೇ ಇಲ್ಲದ ಬಿಳಿ ಜಾಗದಲ್ಲಿ ಹೈಲೈಟ್ ಬಣ್ಣ ಬಂತು. ಮೌಸ್‌ನಿಂದ ಎಳೆದು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ಎರಡೂ ಸಾಲು ಪೂರ್ತಿ ಬಂದವು. ಸಾಲು ಹೋಗಿರಲಿಲ್ಲ. ಬಿಳಿ ಪಟ್ಟಿಯ ಅಡಿ ಕೂತಿತ್ತು.

ಯಾಕೆ ಹೀಗಾಯ್ತು ಅನ್ನೋದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ದಯವಿಟ್ಟು ಓದಿ. ಇವತ್ತಿಗೂ ಈ ಉಪಾಯವನ್ನು ಹೇಳಿಕೊಡುವವರಿದ್ದಾರೆ. 'ಬಾಡಿ' ಭಾಗಕ್ಕೆ ಕೊಟ್ಟ ಪ್ಯಾಡಿಂಗ್ ಇಡೀ ದಾಖಲೆಗೆ ಒಂದೇ ಸಲ, ಶುರುವಿನಲ್ಲಿ ಮಾತ್ರ. ಬ್ರೌಸರ್ ಲೆಕ್ಕದಲ್ಲಿ ನಿಮ್ಮ ಪಠ್ಯ ಒಂದೇ ಉದ್ದನೆಯ ಪಟ್ಟಿ. ಪ್ರಿಂಟ್ ಮಾಡುವಾಗ ಅದನ್ನು ಹಾಳೆಯ ಎತ್ತರಕ್ಕೆ ಕತ್ತರಿಸುತ್ತಾ ಹೋಗುತ್ತದೆ. ಪ್ಯಾಡಿಂಗ್ ಮೊದಲ ತುಂಡಿನ ಜೊತೆ ಹೋಯಿತು. ಎರಡನೇ ತುಂಡಿನಿಂದ ಪಠ್ಯ ನೇರವಾಗಿ ಪುಟದ ತಲೆಯಿಂದಲೇ ಶುರು. ಫಿಕ್ಸೆಡ್ ಪಟ್ಟಿ ಮಾತ್ರ ಎಲ್ಲಾ ಪುಟದ ತಲೆಗೂ ಬಂದು ಕೂರುತ್ತದೆ. ಅಂದರೆ ಮೊದಲ ಪುಟ ಒಂದೇ ಸರಿ, ಉಳಿದ 31 ಪುಟದಲ್ಲೂ ಮೇಲಿನ ಎರಡೆರಡು ಸಾಲು ಪಟ್ಟಿಯ ಅಡಿಗೆ. ಬಿಳಿ ಬಣ್ಣ ಕೊಡದೇ ಇದ್ದಿದ್ದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಗಲೀಜಾಗಿ ಕಾಣುತ್ತಿತ್ತು. ಆಗ ಪ್ರಿವ್ಯೂನಲ್ಲೇ ಸಿಕ್ಕಿಬೀಳುತ್ತಿತ್ತು. ಚೆಂದಕ್ಕೆ ಅಂತ ಕೊಟ್ಟ ಬಣ್ಣವೇ ತಪ್ಪನ್ನು ಮುಚ್ಚಿಟ್ಟಿತು. ಫೂಟರ್‌ಗೆ ಇದನ್ನೇ ಮಾಡಿದರೆ ಪ್ರತಿ ಪುಟದ ಕೊನೆಯ ಸಾಲು ಹೋಗುತ್ತದೆ.

180 ಪ್ರತಿಯನ್ನೂ ವಾಪಸ್ ತೆಗೆದುಕೊಂಡೆ. ಒಂದನ್ನೂ ಹೊರಗೆ ಬಿಡಲಿಲ್ಲ. ಎರಡನೇ ಸಲದ ದುಡ್ಡು ನನ್ನ ಜೇಬಿನದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾರ್ಕ್‌ಡೌನ್‌ಗೆ ಪುಟ ಅನ್ನೋದೇ ಗೊತ್ತಿಲ್ಲ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಮಾಡಿದ್ದು ವೆಬ್‌ಗೆ ಬರೆಯೋರಿಗಾಗಿ. ಶೀರ್ಷಿಕೆ, ಪಟ್ಟಿ, ಲಿಂಕ್ ಇವೆ. ಹಾಳೆ ಇಲ್ಲ. ಹೆಡರ್ ಅನ್ನೋದು ಹಾಳೆಗೆ ಸೇರಿದ್ದು, ಬರಹಕ್ಕಲ್ಲ. ಇವತ್ತು ಎ4, ನಾಳೆ ಎ5, ನಾಡಿದ್ದು ಅದೇ ಫೈಲನ್ನು ಹುಡುಗರು ಮೊಬೈಲ್‌ನಲ್ಲಿ ಓದುತ್ತಾರೆ. ನನ್ನ ಹಳೆಯ ಫೈಲ್ ಮೊಬೈಲ್‌ನಲ್ಲಿ ತೆರೆದರೆ ಕೇಂದ್ರದ ಹೆಸರು ಪರದೆಯ ಮೇಲೆ ಅಂಟಿಕೊಂಡು ಓದಲು ಬಿಡುತ್ತಿರಲಿಲ್ಲ. ಬರಹ ಒಂದು ಫೈಲ್‌ನಲ್ಲಿ, ಹಾಳೆಯ ವಿಷಯ ಇನ್ನೊಂದರಲ್ಲಿ ಇರಲಿ.

ಹಾಳೆಯ ವಿಷಯ ಬರೆಯಲು ಸಿಎಸ್‌ಎಸ್‌ನಲ್ಲಿ, ಅಂದರೆ ಪುಟ ಹೇಗೆ ಕಾಣಬೇಕು ಅಂತ ಹೇಳುವ ಸ್ಟೈಲ್ ಭಾಷೆಯಲ್ಲಿ, '@ಪೇಜ್' ಅನ್ನೋ ನಿಯಮ ಇದೆ (ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು). ಅದರಲ್ಲಿ ಮೊದಲು ಮಾರ್ಜಿನ್ ಕೊಡಿ: ಮೇಲೆ 25 ಮಿ.ಮೀ., ಕೆಳಗೆ 20 ಮಿ.ಮೀ. ಆಮೇಲೆ ಆ ಮಾರ್ಜಿನ್ ಒಳಗಿನ ಪೆಟ್ಟಿಗೆಗಳನ್ನು ತುಂಬಿಸಿ. 'ಟಾಪ್-ಸೆಂಟರ್' ಪೆಟ್ಟಿಗೆಗೆ ಸಂಸ್ಥೆಯ ಹೆಸರು, 'ಬಾಟಮ್-ಸೆಂಟರ್'ಗೆ ಪುಟದ ಕೌಂಟರ್, ಅಂದರೆ ತಾನಾಗಿ ಏರುವ ಪುಟ ಸಂಖ್ಯೆ. ಹೆಡರ್ ಮಾರ್ಜಿನ್‌ನಲ್ಲಿ, ಪಠ್ಯ ಅದರ ಒಳಗಿನ ಚೌಕದಲ್ಲಿ. ಎರಡಕ್ಕೂ ಬೇರೆ ಬೇರೆ ಜಾಗ ಇರೋದರಿಂದ ಪಠ್ಯ ಹೆಡರ್ ಅಡಿಗೆ ಹೋಗೋದಿಲ್ಲ. ಮುಖಪುಟಕ್ಕೆ ಹೆಡರ್ ಬೇಡ ಅಂದರೆ '@ಪೇಜ್' ಪಕ್ಕ ಕೋಲನ್ ಹಾಕಿ 'ಫಸ್ಟ್' ಸೇರಿಸಿ ಇನ್ನೊಂದು ನಿಯಮ ಬರೆದು ಪೆಟ್ಟಿಗೆ ಖಾಲಿ ಮಾಡಿ. ಕೌಂಟರ್ ಜೊತೆ 'ಕನ್ನಡ' ಅನ್ನೋ ಶೈಲಿಯ ಹೆಸರು ಕೊಟ್ಟರೆ ಅಂಕಿ ೧, ೨, ೩ ಅಂತ ಬರುತ್ತದೆ. ಮೊದಲ ಸಲ ಅದನ್ನು ಕಾಗದದ ಮೇಲೆ ನೋಡಿದಾಗ ತುಂಬಾ ಖುಷಿಯಾಯಿತು. ಒಟ್ಟು ಪುಟ ಎಷ್ಟು ಅನ್ನೋದನ್ನೂ ಪಕ್ಕಕ್ಕೆ ಹಾಕಿ. ಬೈಂಡಿಂಗ್ ಕಿತ್ತುಹೋದರೆ ಯಾವ ಹಾಳೆ ಕಳೆದಿದೆ ಅಂತ ಗೊತ್ತಾಗುತ್ತದೆ.

ಕ್ರೋಮ್ ಈ ಪೆಟ್ಟಿಗೆಗಳನ್ನು ಕಲಿತದ್ದು 2024ರ ನವೆಂಬರ್‌ನಲ್ಲಿ ಬಂದ 131ನೇ ಆವೃತ್ತಿಯಲ್ಲಿ. ನನ್ನ ಕಾಲಕ್ಕೆ ಇರಲಿಲ್ಲ. ಹಾಗಾಗಿ ಆಗಿನಿಂದ ನಾನು ಪ್ಯಾನ್‌ಡಾಕ್ (Pandoc) ಬಳಸುತ್ತೇನೆ, ಮಾರ್ಕ್‌ಡೌನನ್ನು ಬೇರೆ ರೂಪಕ್ಕೆ ಬದಲಿಸುವ ತಂತ್ರಾಂಶ ಅದು. ಅದಕ್ಕೆ ಪಿಡಿಎಫ್ ಎಂಜಿನ್ (ಪಿಡಿಎಫ್ ಮಾಡಿಕೊಡುವ ತಂತ್ರಾಂಶ) ಅಂತ ವೀಸಿಪ್ರಿಂಟ್ (WeasyPrint) ಹೆಸರು ಕೊಟ್ಟು, ಜೊತೆಗೆ '@ಪೇಜ್' ನಿಯಮ ಬರೆದ ಸ್ಟೈಲ್ ಫೈಲ್ ಕೊಟ್ಟರೆ ಆಯ್ತು. ಎರಡೂ ಉಚಿತ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಸ್ಟೈಲ್ ಫೈಲ್‌ನಲ್ಲಿ 'ಸ್ಟ್ರಿಂಗ್-ಸೆಟ್' ಬಳಸಿದರೆ ಆಯಾ ಪಾಠದ ಹೆಸರೇ ಹೆಡರ್‌ಗೆ ಬಂದು ಕೂರುತ್ತದೆ.

ಲೇಟೆಕ್ (ಅಚ್ಚಿಗೆ ಪುಟ ಜೋಡಿಸುವ ತಂತ್ರಾಂಶ) ದಾರಿಯನ್ನು ಹೇಳುವವರೂ ಬರುತ್ತಾರೆ, ಫ್ಯಾನ್ಸಿ ಹೆಡರ್ ಪ್ಯಾಕೇಜ್ ಹಾಕಿ ಅಂತ. ಗಣಿತದ ಸೂತ್ರ ಜಾಸ್ತಿ ಇದ್ದರೆ ಹೋಗಿ. ಆದರೆ ಪ್ಯಾನ್‌ಡಾಕ್ ತಾನಾಗಿ ಆರಿಸಿಕೊಳ್ಳುವ ಪಿಡಿಎಫ್‌ಲೇಟೆಕ್‌ಗೆ ಕನ್ನಡ ಬರೋದಿಲ್ಲ. ಅದರ ಬದಲು ಝೀಲೇಟೆಕ್ ಅನ್ನೋ ಇನ್ನೊಂದು ಲೇಟೆಕ್ ಎಂಜಿನ್ ಹೆಸರು ನೀವೇ ಕೊಟ್ಟು, ಕನ್ನಡ ಫಾಂಟ್ ಹೆಸರನ್ನೂ ಕೊಡಬೇಕು. ಬರೀ ಹೆಡರ್‌ಗೋಸ್ಕರ ಸುಮ್ನೆ ಅಷ್ಟು ದೂರ ಹೋಗಬೇಡಿ. ನಿಮ್ಮ ಸಂಸ್ಥೆಯಲ್ಲಿ ಬೇರೆಯವರೂ ಫೈಲ್ ತಿದ್ದೋದಾದರೆ ಇನ್ನೂ ಸುಲಭದ್ದಿದೆ. ವರ್ಡ್‌ನಲ್ಲಿ ಒಂದು ಮಾದರಿ ಫೈಲ್ ಮಾಡಿ, ಅದರ ಹೆಡರ್, ಫೂಟರ್ ಕೈಯಾರೆ ತುಂಬಿಸಿ. ಪ್ಯಾನ್‌ಡಾಕ್‌ಗೆ ಅದನ್ನು ರೆಫರೆನ್ಸ್ ಡಾಕ್ ಅಂತ ಕೊಟ್ಟರೆ ಅದರ ಮಾರ್ಜಿನ್, ಹೆಡರ್, ಫೂಟರ್ ಹೊಸ ಫೈಲ್‌ಗೂ ಬರುತ್ತವೆ.

ಯಾವ ದಾರಿ ಹಿಡಿದರೂ ಅಂಗಡಿಗೆ ಕೊಡುವ ಮೊದಲು ಇದೊಂದು ಮಾಡಿ. ಒಂದು ಖಾಲಿ ಮಾರ್ಕ್‌ಡೌನ್ ಫೈಲ್‌ನಲ್ಲಿ 'ಸಾಲು 1', 'ಸಾಲು 2' ಅಂತ 200ರವರೆಗೆ ಬರೆಯಿರಿ, ಒಂದೊಂದೂ ಬೇರೆ ಪ್ಯಾರಾ ಆಗಿ. ನಿಮ್ಮ ಸ್ಟೈಲ್ ಫೈಲ್ ಹಾಕಿ ಪಿಡಿಎಫ್ ಮಾಡಿ. ಮೊದಲ ಪುಟ ಬಿಡಿ. ಎರಡನೇ ಪುಟದಿಂದ ನೋಡಿ. ಹಿಂದಿನ ಪುಟ 34ಕ್ಕೆ ಮುಗಿದಿದ್ದರೆ ಇದು 35ಕ್ಕೇ ಶುರುವಾಗಬೇಕು. 37 ಅಂತ ಕಂಡರೆ ಎರಡು ಸಾಲು ಹೆಡರ್ ಅಡಿಯಲ್ಲಿವೆ.

ನೀವು ಈಗ ಯಾವುದರಿಂದ ಪಿಡಿಎಫ್ ಮಾಡುತ್ತಿದ್ದೀರಿ, ಹಾಳೆ ಎ4 ಅಥವಾ ಎ5, ಅಷ್ಟು ಬರೆಯಿರಿ. ನನ್ನ ಸ್ಟೈಲ್ ಫೈಲನ್ನು ಅದಕ್ಕೆ ತಕ್ಕಂತೆ ಬದಲಿಸಿ ಇಲ್ಲೇ ಹಾಕುತ್ತೇನೆ.